ಅತಿಥಿಗೆ ಎಂಜಲು ಕೊಡದ ನಲ್ಲಿ

ಸುಳ್ಳು ಅನ್ನುವ ಧೈರ್ಯವಿದ್ದವರು ಎದುರಿಗೆ ಬಂದು ಅನ್ನಲಿ, ನಮ್ಮೂರ ನೀಲವ್ವನ ಅಡುಗೆಮನೆಯ ಹಳೇ ಹಿತ್ತಾಳೆ ನಲ್ಲಿ ಮಾತಾಡುತ್ತಿತ್ತು. ಅದರ ಮಾತೆಂದರೆ ಬರೀ ಜಂಭ.

ಕುಡಿಯುವ ನೀರಿನಲ್ಲಿ ಸೀಸದ ವಿಷ ಇದೆಯೋ ನೋಡಲು ಮನೆಮನೆಗೂ ಬಾಟಲಿಗಳು ಬಂದವು. ಒಂದು ಬಾಟಲಿ ಬೆಳಗಾಗುತ್ತಲೇ ಈ ನಲ್ಲಿಯ ಕೆಳಗೆ ಬಂದು ನಿಂತಿತು.

"ತಡಿಯಯ್ಯ, ಒಂದು ಕೊಡ ನೀರು ಬಿಟ್ಟು ಬಾಯಿ ಮುಕ್ಕಳಿಸುತ್ತೇನೆ," ಎಂದಿತು ನಲ್ಲಿ.

"ಬೇಡ. ರಾತ್ರಿಯೆಲ್ಲ ನಿನ್ನ ಬಾಯಲ್ಲಿ ನಿಂತ ನೀರೇ ಬೇಕು. ಸೀಸ ಇಳಿಯುವುದು ಅದರಲ್ಲೇ," ಎಂದಿತು ಬಾಟಲಿ.

"ಥೂ! ಅದು ನನ್ನ ಎಂಜಲು ಕಣಯ್ಯ. ಮನೆಗೆ ಬಂದವರಿಗೆ ಎಂಜಲು ಕೊಡುವ ವಂಶವಲ್ಲ ನಮ್ಮದು."

"ಹಾಗಾದರೆ ದಿನಾ ಬೆಳಗ್ಗೆ ಆ ನೀರು ಯಾರಿಗೆ ಹೋಗುತ್ತದೆ?"

"ತೊಟ್ಟಿಲ ಕೂಸಿನ ಗಂಜಿಗೆ. ಅದೇನು ಅತಿಥಿಯೇ? ಮನೆಯದೇ ಕೂಸು!"

ಅಷ್ಟರಲ್ಲಿ ಗಂಜಿ ಪಾತ್ರೆ ಹಿಡಿದು ಬಂದ ನೀಲವ್ವ ಪಾತ್ರೆಯನ್ನು ಪಕ್ಕಕ್ಕಿಟ್ಟು, ನಲ್ಲಿ ತಿರುಗಿಸಿ, ಮೊದಲ ನೀರನ್ನೇ ಬಾಟಲಿಗೆ ಹಿಡಿದಳು.

"ತಗೋ ಹಾಗಾದರೆ, ನನ್ನ ಎಂಜಲೂ ಅಮೃತವೇ!" ಎಂದು ನಲ್ಲಿ ಅಬ್ಬರಿಸಿತು.

ಪರೀಕ್ಷೆಯ ಫಲಿತಾಂಶ ಬಂತು. ಊರಿಗೆಲ್ಲ ಹೆಚ್ಚು ಸೀಸ ಈ ನಲ್ಲಿಯ ನೀರಿನಲ್ಲೇ ಇತ್ತು, ಅದೂ ಅದರ ಹಿತ್ತಾಳೆ ಮೈಯಿಂದಲೇ ಇಳಿದದ್ದು.

"ನೋಡಿದಿರಾ? ಇಡೀ ಊರಿಗೇ ಫಸ್ಟು!" ಎಂದು ನಲ್ಲಿ ಎದೆಯುಬ್ಬಿಸಿತು.

ನೀಲವ್ವ ಕೂಸನ್ನು ಕಂಕುಳಿಗೆ ಏರಿಸಿಕೊಂಡು, "ಬಾರಪ್ಪ ಫಸ್ಟು ಬಂದವನೇ," ಎನ್ನುತ್ತ ಸ್ಪ್ಯಾನರ್ ತಂದಳು. ಅಡುಗೆಮನೆಗೆ ಹೊಸ ನಲ್ಲಿ ಬಂತು. ಹಳೆಯದಕ್ಕೆ ಕೊನೆಗೆ ಸಿಕ್ಕಿದ್ದು ಹಿತ್ತಿಲಲ್ಲಿ ಕಾಲು ತೊಳೆಯುವ ಕಲ್ಲಿನ ಮೇಲೊಂದು ಜಾಗ.