ಸೈರನ್ನೂ ಇಂಗಾಲದ ನಳಿಗೆಯೂ

ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಗೋಡೆಯ ಮೇಲೊಂದು ಹಳೆಯ ಸೈರನ್ ಇತ್ತು. ಅದರ ಪಕ್ಕದಲ್ಲಿ, ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣದಾದ ಇಂಗಾಲದ ನಳಿಗೆಯೊಂದನ್ನು ವಿಷಾನಿಲದ ಸೋರಿಕೆ ಪತ್ತೆಹಚ್ಚಲೆಂದು ಹೊಸದಾಗಿ ಕೂರಿಸಿದ್ದರು.

ಒಂದು ಮಧ್ಯಾಹ್ನ ನಳಿಗೆ, "ಅಣ್ಣಾ, ತಂಪು ಮಾಡುವ ಪೈಪಿನಿಂದ ಅಮೋನಿಯಾ ಸೋರುತ್ತಿದೆ. ನನ್ನ ಮೈಗೆ ನಾಲ್ಕು ಕಣ ತಾಗಿವೆ. ಕೂಗಿಬಿಡು" ಎಂದಿತು.

"ನನಗೇನೂ ತಿಳಿಯುತ್ತಿಲ್ಲ. ಸುಮ್ಮನೆ ಕೂಗಿದರೆ ನಗೆಪಾಟಲಾಗುವವನು ನಾನು" ಎಂದಿತು ಸೈರನ್.

"ಒಳಗೆ ಫಕೀರವ್ವ ಚೀಲ ಹೊಲಿಯುತ್ತಿದ್ದಾಳೆ. ನಿನಗೆ ತಿಳಿಯುವಷ್ಟರಲ್ಲಿ ಅವಳ ಉಸಿರು ನಿಂತಿರುತ್ತದೆ."

ಸೈರನ್ ಅಳುಕುತ್ತಲೇ ಕೂಗಿತು. ಫಕೀರವ್ವ ಹೊರಗೋಡಿ ಬಂದಳು. ಆಮೇಲೆ ಪೈಪು ಒಡೆಯಿತು.

ಮರುದಿನ ಅವಳು ಸೈರನ್ನಿಗೆ ಹೂವಿನ ಹಾರ ಹಾಕಿ ಕೈಮುಗಿದು ಹೋದಳು. ನಳಿಗೆ ಅವಳ ಕಣ್ಣಿಗೆ ಬೀಳಲೇ ಇಲ್ಲ.

ಸೈರನ್ನಿಗೆ ನಾಚಿಕೆಯಾಯಿತು. "ತಮ್ಮಾ, ಇದು ನಿನಗೆ ಸಲ್ಲಬೇಕಾದ ಹಾರ."

"ಕೈಮುಗಿಯುವಾಗ ಅವಳ ಉಸಿರು ನನ್ನ ಮೈಗೆ ತಾಗಿತಲ್ಲ, ಅಣ್ಣಾ" ಎಂದಿತು ನಳಿಗೆ.