ದೋಣಿ ಟ್ರೈಲರಿನ ಶಾಕ್ ಅಬ್ಸಾರ್ಬರ್

"ಗುರುಗಳೇ, ಸಂಗಯ್ಯ ನನಗಿಂತ ಎರಡು ವರ್ಷ ತಡವಾಗಿ ಬಂದವನು. ವಿದ್ಯೆ ಅವನಿಗೆ ಒಲಿಯಿತು. ನನಗೇಕೆ ಒಲಿಯಲಿಲ್ಲ?" ಎಂದು ಶಿಷ್ಯ ಕೇಳಿದ. ದನಿಯಲ್ಲಿ ಉರಿ ಇತ್ತು. ಗುರುಗಳು ಒಂದು ಕತೆ ಹೇಳಿದರು.

ಹೆದ್ದಾರಿಯ ಬದಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಇಪ್ಪತ್ತು ವರ್ಷದ ಅನುಭವ. ಎದುರಿಗೆ ಹೊಸಬನೊಬ್ಬ ಶೆಡ್ ಹಾಕಿದ. ವರ್ಷ ಕಳೆಯುವುದರೊಳಗೆ ಗಾಡಿಗಳೆಲ್ಲ ಆ ಬದಿಗೇ ತಿರುಗಿದವು. ಅಲ್ಲಿ ಯಾರಾದರೂ ನಕ್ಕರೆ ಹಳಬನಿಗೆ ಅನ್ನ ಸೇರುತ್ತಿರಲಿಲ್ಲ.

ಒಂದು ದಿನ ದೋಣಿಯವನೊಬ್ಬ ಜೀಪಿಗೆ ಟ್ರೈಲರ್ ಕಟ್ಟಿಕೊಂಡು ಹಳಬನ ಬಳಿಗೇ ಬಂದ. ಜೀಪು ನಿಧಾನವಾದಾಗ ಟ್ರೈಲರಿನ ಕೊಂಡಿ ಒಳಕ್ಕೆ ಸರಿದು ಅದರ ಬ್ರೇಕ್ ಹಿಡಿಯಬೇಕು. ಆಗ ಕುಲುಕಾಟವಾಗದಂತೆ ತಡೆಯುವ ಶಾಕ್ ಅಬ್ಸಾರ್ಬರ್ ಕೆಟ್ಟಿತ್ತು. ಬಿಚ್ಚಿ ನೋಡಿದರೆ ಅದರ ನಂಬರನ್ನು ತುಕ್ಕು ತಿಂದಿತ್ತು. ಬಿಡಿಭಾಗಗಳ ಅಂಗಡಿಯಲ್ಲಿ ಅಂಥವೇ ಮೂರು ಬಗೆ ಇದ್ದವು. ಯಾವುದೆಂದು ತಿಳಿಯಲಿಲ್ಲ. ಯಾರನ್ನಾದರೂ ಕೇಳಲು ಬಾಯಿ ಬರಲಿಲ್ಲ. ಹೋದ ತಿಂಗಳು ಎದುರಿನವನು ಇಂಥದೇ ಟ್ರೈಲರ್ ಸರಿಮಾಡಿದ್ದು ನೆನಪಾಯಿತು.

"ಎದುರು ಶೆಡ್ಡಿನವನು ಒಯ್ದದ್ದನ್ನೇ ಕೊಡು" ಎಂದು ಅಂಗಡಿಯವನಿಗೆ ಹೇಳಿದ.

ಬೋಲ್ಟುಗಳು ಸರಿಯಾಗಿಯೇ ಕೂತವು. ಆದರೆ ಮರುದಿನ ಹೊಳೆಗೆ ಇಳಿಯುವ ದಾರಿಯಲ್ಲಿ ಹೊಸ ಶಾಕ್ ಕೊಂಡಿಯನ್ನು ಅರ್ಧಕ್ಕೇ ತಡೆಯಿತು. ಟ್ರೈಲರಿನ ಬ್ರೇಕ್ ಹಿಡಿಯಲಿಲ್ಲ. ದೋಣಿಯ ಭಾರ ಜೀಪನ್ನು ನೀರಿನಂಚಿನವರೆಗೂ ನೂಕಿತು. ಜೀಪಿನೊಳಗೆ ದೋಣಿಯವನ ಬಸುರಿ ಹೆಂಡತಿಯೂ ಇದ್ದಳು. ಇಬ್ಬರೂ ಹೇಗೋ ಉಳಿದರು. ದೋಣಿಯವನು ಗಾಡಿಯನ್ನು ಎದುರು ಶೆಡ್ಡಿಗೆ ತಂದ.

ಸ್ವಲ್ಪ ಹೊತ್ತಿಗೆ ಹೊಸಬ ರಸ್ತೆ ದಾಟಿ ಬಂದ. ಈಗ ಎಲ್ಲರೆದುರು ಮಾನ ಕಳೆಯುತ್ತಾನೆ ಎಂದು ಹಳಬ ಹಲ್ಲು ಕಚ್ಚಿದ.

"ಅಣ್ಣಾ, ನೀವು ಬಿಚ್ಚಿದ ಹಳೇ ಶಾಕ್ ಇದೆಯಾ? ಪೂರ್ತಿ ಎಳೆದೊಮ್ಮೆ, ಪೂರ್ತಿ ಒತ್ತಿಯೊಮ್ಮೆ ಅಳೆಯಬೇಕು. ಕೊಂಡಿಯ ಮೇಲಿನ ತಗಡು ಉಜ್ಜಿ ಕೊಂಡಿಯ ನಂಬರ್ ಬರೆದುಕೊಂಡಿದ್ದೇನೆ. ಎರಡನ್ನೂ ಅಂಗಡಿಯವರ ಮುಂದಿಟ್ಟು ಕೇಳುತ್ತೇನೆ."

"ಯಾವುದೆಂದು ನಿನಗೆ ಗೊತ್ತಿಲ್ಲವೇ?"

"ನನಗೆಲ್ಲಿ ಗೊತ್ತು ಅಣ್ಣಾ? ಹೋದ ಸಲವೂ ನಾಲ್ಕು ಜನರನ್ನು ಕೇಳಿಯೇ ಹಾಕಿದ್ದು. ನಿಮ್ಮನ್ನೂ ಕೇಳೋಣವೆಂದು ಬಾಗಿಲವರೆಗೆ ಬಂದಿದ್ದೆ. ನಿಮ್ಮ ಮುಖ ನೋಡಿ ವಾಪಸು ಹೋದೆ."

ಹಳಬ ಮೂಲೆಯಲ್ಲಿ ಬಿದ್ದಿದ್ದ ಹಳೇ ಶಾಕನ್ನು ಒರೆಸಿ ತಂದು ಅವನ ಕೈಗಿಟ್ಟ.

ಗುರುಗಳು ಕತೆ ನಿಲ್ಲಿಸಿ ಶಿಷ್ಯನ ಕಡೆ ನೋಡಿದರು.

"ನೀನು ಇಲ್ಲಿಗೆ ಬಂದು ಆರು ವರ್ಷವಾಯಿತು ಮಗು; ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು, ಅದೂ ಸಂಗಯ್ಯನ ವಿಷಯ."