ಬೆನ್ನುಗುಡ್ಡದ ಅಣ್ಣ ತಂಗಿ

ಸಜ್ಜಿಹಾಳಕ್ಕೂ ಕವಳಿಗಟ್ಟಿಗೂ ನಡುವೆ ಇರುವ ಗುಡ್ಡಕ್ಕೆ ಬೆನ್ನುಗುಡ್ಡ ಎಂದು ಹೆಸರು. ಕುರುಚಲು ಗಿಡಗಳ ನಡುವಿನ ಕಾಲುದಾರಿ ಹಿಡಿದು ಹತ್ತಿದರೆ ನೆತ್ತಿಯಲ್ಲಿ ಸೊಂಟದೆತ್ತರದ ಒಂದೇ ಬಂಡೆ. ಎರಡೂ ಊರುಗಳ ಗಡಿ ಅದರ ಮೇಲೆಯೇ ಹಾದುಹೋಗುತ್ತದೆ. ಈಚೆಗೆ ಯಾರೋ ಕೆಳಗೆ ನೆಟ್ಟ ಫಲಕದಲ್ಲಿ, ಗುಡ್ಡ ಎಮ್ಮೆಯ ಬೆನ್ನಿನಂತೆ ಕಾಣುವುದರಿಂದ ಈ ಹೆಸರು ಬಂತೆಂದು ಬರೆದಿದೆ. ಅರವತ್ತು ವರ್ಷದಿಂದ ನಾನು ಈ ಗುಡ್ಡವನ್ನು ನಾಲ್ಕೂ ದಿಕ್ಕಿನಿಂದ ನೋಡುತ್ತಿದ್ದೇನೆ, ಯಾವ ದಿಕ್ಕಿನಿಂದಲೂ ಎಮ್ಮೆ ಕಂಡಿಲ್ಲ. ಬರೆದವರು ಊರಿನ ಒಬ್ಬ ಮುದುಕಿಯನ್ನಾದರೂ ಕೇಳಬಹುದಿತ್ತು.

ಹಿಂದೆ ಒಮ್ಮೆ ಸಜ್ಜಿಹಾಳದಲ್ಲಿ ಅಮೋಘಿ ಎಂಬ ಕುರಿಗಾರನಿದ್ದ. ತಂದೆತಾಯಿ ಬೇಗ ತೀರಿಹೋದದ್ದರಿಂದ ತಂಗಿ ಮಾಳವ್ವನನ್ನು ಅವನೇ ಹೆಗಲ ಮೇಲೆ ಕೂರಿಸಿಕೊಂಡು ಕುರಿ ಕಾಯುತ್ತ ಬೆಳೆಸಿ, ಕವಳಿಗಟ್ಟಿಗೆ ಮದುವೆ ಮಾಡಿಕೊಟ್ಟ. ಆ ಸೀಮೆಯ ರೂಢಿಯಂತೆ ನಾಗರ ಪಂಚಮಿಗೆ ಅಣ್ಣನಾದವನು ಕುಪ್ಪಸದ ಖಣ ಹಿಡಿದು ತಂಗಿಯ ಗಂಡನ ಮನೆಯ ಹೊಸ್ತಿಲಿಗೇ ಹೋಗಿ ಕರೆಯಬೇಕು. ಬೇರೆಲ್ಲಿ ಕರೆದರೂ ಆ ಕರೆ ಸಲ್ಲದು. ಕರೆಯದೆ ತವರಿಗೆ ಹೋಗುವವಳು ಅಣ್ಣ ಸತ್ತವಳು ಮಾತ್ರ. ಮೊದಲ ಪಂಚಮಿಗೆ ಅಮೋಘಿ ಹೋದಾಗ ಮಾಳವ್ವನ ಮಾವ, ಹೊಲದಲ್ಲಿ ಕಳೆ ತೆಗೆಯುವುದಿದೆ, ಕಳಿಸುವುದಿಲ್ಲ ಎಂದ. ಅಷ್ಟಕ್ಕೇ ಬಿಡದೆ, ಕುರಿ ಹಿಂದೆ ಅಲೆಯುವವನ ಮನೆಯಲ್ಲಿ ಹಬ್ಬವಾದರೂ ಏನಿದ್ದೀತು ಎಂದೂ ಅಂದ. ಅಮೋಘಿಗೆ ಮೈ ಉರಿಯಿತು. “ನೀವಾಗಿ ಬಂದು ಕರಿಯೂತನಕ ಕವಳಿಗಟ್ಟಿ ಮಣ್ಣು ತುಳದ್ರ ನಾ ನಮ್ಮವ್ವನ ಮಗನಽ ಅಲ್ಲ” ಎಂದು ಆಣೆ ಇಟ್ಟು ಹೊರಟುಬಿಟ್ಟ.

ಮರುವರ್ಷದ ಪಂಚಮಿಗೆ ಅವನು ಎಳ್ಳುಂಡೆ ಕಟ್ಟಿಕೊಂಡು ಗುಡ್ಡ ಹತ್ತಿ, ಗಡಿಬಂಡೆಗೆ ಬೆನ್ನು ಕೊಟ್ಟು ತನ್ನೂರಿನ ಬದಿಗೆ ಕುಳಿತ. ಆಚೆ ಬದಿಗೆ ಮಾಳವ್ವ ಬಂದು ಕುಳಿತಿದ್ದಳು. ಬಳೆಯ ಸದ್ದಿನಿಂದ ಅವನಿಗೆ ತಿಳಿಯಿತು, ಕೆಮ್ಮಿನಿಂದ ಅವಳಿಗೆ ತಿಳಿಯಿತು. ಅವನು ಗಂಟನ್ನು ಬಂಡೆಯ ಮೇಲಿಟ್ಟ. ಆಚೆಯ ಕೈ ಅದನ್ನು ತೆಗೆದುಕೊಂಡಿತು. ಮುಖ ನೋಡಿದರೆ ಕರೆಯದೆ ಇರಲಾಗದು, ಇಲ್ಲಿ ಕರೆದರೆ ಅವಳು ಬರಲಾಗದು ಎಂದು ಇಬ್ಬರೂ ತಿರುಗಲಿಲ್ಲ. ಹೀಗೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತೇ ಇಪ್ಪತ್ತೆರಡು ಪಂಚಮಿ ಕಳೆದರು ಎನ್ನುತ್ತಾರೆ. ಗುಡ್ಡದ ಹೆಸರು ಬಂದದ್ದು ಹಾಗೆ. ನಡುವೆ ಮಾವ ಸತ್ತ. “ಹೋಗಿ ಬಾರ, ನಿನ್ನ ಯಾರು ಹಿಡದಾರ?” ಎಂದ ಗಂಡ. “ಕರೀದಽ ಹೋದ್ರ ಅಣ್ಣ ಸತ್ತಂಗ. ಇದ್ದ ಅಣ್ಣನ್ನ ನಾನಽ ಕೊಲ್ಲಲೇನು?” ಎಂದಳು ಮಾಳವ್ವ. ಆ ಗಂಡನಾದರೂ ಎದ್ದು ಹೋಗಿ ಅಮೋಘಿಯನ್ನು ಕರೆತರಬಹುದಿತ್ತು. ಸತ್ತ ಅಪ್ಪನ ಮಾತು ಕೆಳಗಾಗುತ್ತದೆಂದು ಅವನೂ ಏಳಲಿಲ್ಲ. ಕಥೆ ಇಲ್ಲಿಗೆ ಬಂದಾಗಲೆಲ್ಲ ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಇಪ್ಪತ್ತಮೂರನೆಯ ಪಂಚಮಿಗೆ ಆಚೆಯಿಂದ ಕೆಮ್ಮು ಕೇಳಲಿಲ್ಲ. ಹೊತ್ತು ಇಳಿಯುವತನಕ ಕಾದ ಮಾಳವ್ವ ಬಂಡೆಯನ್ನು ಬಳಸಿ ಬಂದು, ಖಾಲಿ ಜಾಗ ನೋಡಿ, ಅಣ್ಣ ಹೋದನೆಂದೇ ತಿಳಿದು ಅಳುತ್ತ ಸಜ್ಜಿಹಾಳಕ್ಕೆ ಇಳಿದಳು. ತವರಿನ ಕಟ್ಟೆಯ ಮೇಲೆ ಅಮೋಘಿ ಕಂಬಳಿ ಹೊದ್ದು ಮಲಗಿದ್ದ. ವಾರದ ಹಿಂದೆ ಅವನ ಕಾಲು ಮುರಿದಿತ್ತು.

“ಕರೀದಽ ಬಂದಿ? ನಾ ಸತ್ತೀನಂತ ತಿಳಕೊಂಡ್ಯಾ?”

“ಹೂಂ ಅಣ್ಣಾ, ಸತ್ತೀದಿ ಅಂತನಽ ಬಂದೆ.”

ಅಮೋಘಿ ಗುಡ್ಡದ ಕಡೆ ನೋಡಿದ. “ಇಳಿಯಾಕ ಎಷ್ಟೊತ್ತಾತವ್ವಾ?”

“ಒಂದು ಎಲಿ ಅಡಿಕಿ ಜಗಿಯೂವಷ್ಟು.”

ಅವನು ಹಣೆ ಹಣೆ ಬಡಿದುಕೊಂಡು ಅತ್ತನಂತೆ. ಕಾಲು ಕೂಡಲಿಲ್ಲ, ಮೇಲೆ ಜ್ವರ ಹಿಡಿಯಿತು. ಮಹಾನವಮಿಗೆ ಮೊದಲೇ ತೀರಿಕೊಂಡ. ಆ ಎರಡು ತಿಂಗಳು ಮಾಳವ್ವ ಅವನ ಬಳಿಯೇ ಇದ್ದಳು.

ಆಮೇಲೆ ಎರಡೂ ಊರಿನ ಹಿರಿಯರು ಕೂಡಿ, ಗಡಿಬಂಡೆಯ ಬಳಿ ಕರೆದ ಕರೆಯೂ ಸಲ್ಲುತ್ತದೆಂದು ತೀರ್ಮಾನ ಮಾಡಿದರು. ಅದನ್ನು ಮೊದಲೇ ಮಾಡಿದ್ದರೆ ಇವರ ಗಂಟೇನು ಹೋಗುತ್ತಿತ್ತೋ ತಿಳಿಯದು. ಈಗಲೂ ಪಂಚಮಿಯ ದಿನ ಹತ್ತಿದವರು, ಅಣ್ಣಂದಿರು ಬಂಡೆಯ ಈಚೆ ನಿಂತು ತಂಗಿಯರ ಹೆಸರು ಹಿಡಿದು ಕೂಗುವುದನ್ನು ಕಾಣಬಹುದು. ಬಂಡೆಯ ಎರಡೂ ಮಗ್ಗುಲಲ್ಲಿ, ಕುಳಿತವರ ಬೆನ್ನು ತಾಗುವ ಎತ್ತರದಲ್ಲಿ, ಕಲ್ಲು ಸವೆದು ನುಣುಪಾಗಿದೆ. ನಡುವಿನ ದಪ್ಪವನ್ನು ನಾನೇ ಮೊಳ ಹಾಕಿ ಅಳೆದಿದ್ದೇನೆ. ಎರಡೂವರೆ ಮೊಳ.